ಸ್ಯಾನ್ ಡಿಯೇಗೊ ಕಾಮಿಕ್-ಕಾನ್‌ಗೆ ಹೋದರೆ ಚಿತ್ರಕಾರರ ಮೇಜಿನ ಮುಂದೆ ನಿಲ್ಲಿ

ಮಸಿಕುಡಿಕೆ

ಸ್ಯಾನ್ ಡಿಯೇಗೊ ಕಾಮಿಕ್-ಕಾನ್ ಅಂದರೆ ಅಮೆರಿಕದಲ್ಲಿ ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಕಾಮಿಕ್ಸ್ ಮೇಳ, ಬಾಯಿಮಾತಿನಲ್ಲಿ ಬರೀ ಕಾನ್. ಅಲ್ಲಿಗೆ ಹೋಗಿ ಬಂದೆ ಅಂದರೆ ಎಲ್ಲರೂ ಕೇಳುವುದು ಒಂದೇ: ‘ಯಾವ ಹೀರೋನ ನೋಡಿದಿರಿ?’ ಅದರ ಹಿಂದೆಯೇ ಇನ್ನೊಂದು ಮಾತು: ‘ಅಲ್ಲಿ ಈಗ ಕಾಮಿಕ್ಸ್ ಎಲ್ಲಿದೆ, ಬರೀ ಸಿನಿಮಾದವರ ದರ್ಬಾರು ಅಲ್ವಾ?’ ಕಾಮಿಕ್ಸ್ ಅಲ್ಲೇ ಇದೆ. ಬೇಕಾದಷ್ಟಿದೆ. ನಾವು ಹುಡುಕಿಕೊಂಡು ಹೋಗಬೇಕು, ಅಷ್ಟೇ.

ಮೊದಲು ಜಾಗದ ಬಗ್ಗೆ ಹೇಳುತ್ತೇನೆ. ಕನ್ವೆನ್ಷನ್ ಸೆಂಟರ್ ಅನ್ನುವುದು ಕೊಲ್ಲಿಯ ದಡದಲ್ಲಿರುವ ಉದ್ದನೆಯ ಕಟ್ಟಡ. 1991ರಿಂದ ಕಾನ್ ನಡೆಯುತ್ತಿರುವುದು ಇಲ್ಲೇ. ನೆಲಮಹಡಿಯಲ್ಲಿ ಎ ಹಾಲಿನಿಂದ ಜಿ ಹಾಲಿನವರೆಗೆ ಒಂದೇ ಸಮ ಮಳಿಗೆಗಳು. ಅದರಾಚೆಯದು ಹಾಲ್ ಎಚ್. ಸುಮಾರು 6,500 ಜನ ಕೂರುವ ಸಭಾಂಗಣ. ಸ್ಟುಡಿಯೊಗಳು ಹೊಸ ಟ್ರೇಲರ್ ತೋರಿಸುವುದು, ನಟರು ವೇದಿಕೆ ಹತ್ತುವುದು ಎಲ್ಲಾ ಅಲ್ಲೇ. ಟಿವಿಯಲ್ಲಿ ಬರುವುದೂ ಅದೇ. ಈ ಹಾಲ್ ಎಚ್‌ನ ಪಕ್ಕಕ್ಕೇ, ಜಿ ಹಾಲಿನ ಕಡೆ, ಆರ್ಟಿಸ್ಟ್ಸ್ ಆಲಿ ಇದೆ. ಸಣ್ಣ ಸಣ್ಣ ಮೇಜುಗಳ ಸಾಲು. ಒಂದೊಂದು ಮೇಜಿನ ಹಿಂದೆ ಒಬ್ಬ ಚಿತ್ರಕಾರ ಅಥವಾ ಚಿತ್ರಕಾರ್ತಿ. ಗೋಡೆಯ ಆ ಕಡೆ ಜನ ರಾತ್ರಿಯಿಡೀ ಸಾಲಿನಲ್ಲಿ ಕೂತಿರುತ್ತಾರೆ. ಈ ಕಡೆ, ಮೂವತ್ತು ವರ್ಷ ಪುಟ ಬರೆದವರೊಬ್ಬರು ಸುಮ್ನೆ ಪೆನ್ನು ಒರೆಸುತ್ತಾ ಕೂತಿರುತ್ತಾರೆ. ನೀವು ಹೋಗಿ ನಮಸ್ಕಾರ ಅಂದರೆ ಸಾಕು, ಮಾತಿಗೆ ಸಿಗುತ್ತಾರೆ.

ಈ ಸಲ ಒಬ್ಬ ಹಿರಿಯ ಇಂಕರ್ ಜೊತೆ ತುಂಬಾ ಹೊತ್ತು ಮಾತಾಡಿದೆ. ಇಂಕರ್ ಅಂದರೆ ಪೆನ್ಸಿಲ್ ಗೆರೆಯ ಮೇಲೆ ಮಸಿ ಎಳೆಯುವವರು. ಬಹಳ ಜನ ಇದನ್ನು ತಿದ್ದಿ ಬರೆಯುವ ಕೆಲಸ ಅಂದುಕೊಳ್ಳುತ್ತಾರೆ. ಅವರು ಒಂದು ಮೂಲ ಪುಟ ತೆಗೆದು ತೋರಿಸಿದರು. ಕಾಮಿಕ್ಸ್‌ನ ಮೂಲ ಪುಟ ನೀವು ಓದುವ ಪುಸ್ತಕಕ್ಕಿಂತ ದೊಡ್ಡದು. ಸಾಮಾನ್ಯವಾಗಿ 11 ಇಂಚು ಅಗಲ, 17 ಇಂಚು ಉದ್ದದ ದಪ್ಪ ಹಾಳೆ. ಅಚ್ಚಿನಲ್ಲಿ ಬರಬಾರದು ಅಂತ ಹಾಕಿದ ತಿಳಿ ನೀಲಿ ಪೆನ್ಸಿಲ್ ಗೆರೆ ಹಾಗೇ ಇತ್ತು. ಒಂದು ಕಡೆ ಕೈಯ ಬೆರಳನ್ನು ಬಿಳಿ ಬಣ್ಣ ಹಚ್ಚಿ ಅಳಿಸಿ ಮತ್ತೆ ಬರೆದಿದ್ದರು. ಹಿನ್ನೆಲೆಯ ಮಳೆಯನ್ನು ಪೆನ್ನಿನಲ್ಲಿ, ಮುಂದಿನ ಮನುಷ್ಯನ ಕೋಟನ್ನು ಬ್ರಶ್‌ನಲ್ಲಿ ಎಳೆದಿದ್ದರು. ಯಾಕೆ ಹಾಗೆ ಅಂತ ಕೇಳಿದೆ. ಬ್ರಶ್ಶಿನ ಗೆರೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಣ್ಣ ಆಗುತ್ತದೆ, ಅದರಿಂದ ಬಟ್ಟೆಗೆ ಭಾರ ಬರುತ್ತದೆ. ಮಳೆಗೆ ಭಾರ ಬೇಡ ಅಂದರು. ಆ ಸಂಚಿಕೆಯನ್ನು ನಾನು ಎಷ್ಟೋ ಸಲ ಓದಿದ್ದೆ. ಆ ಕೋಟು ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ. ಈಗ ಯಾವ ಪುಟ ತೆರೆದರೂ ಮೊದಲು ಗೆರೆ ಕಾಣುತ್ತದೆ.

ಈ ಕಾನ್ ಹುಟ್ಟಿದ್ದೇ ಇಂಥ ಮಾತುಕತೆಗೆ. 1970ರ ಮಾರ್ಚ್ 21ರಂದು ಯು. ಎಸ್. ಗ್ರಾಂಟ್ ಹೋಟೆಲಿನಲ್ಲಿ ಒಂದು ದಿನದ ಸಣ್ಣ ಸಭೆ ಮಾಡಿದರು. ಅದೇ ಆಗಸ್ಟ್‌ನಲ್ಲಿ ಮೂರು ದಿನದ ಮೊದಲ ಕಾನ್. ಬಂದವರು ಸುಮಾರು 300 ಜನ. ಇದನ್ನು ಶುರುಮಾಡಿದ ಶೆಲ್ ಡಾರ್ಫ್ ಮತ್ತು ಕೆನ್ ಕ್ರೂಗರ್ ಜೊತೆ ಓಡಾಡಿದವರಲ್ಲಿ ಹೆಚ್ಚಿನವರು ಹದಿಹರೆಯದ ಹುಡುಗರು. ಅತಿಥಿಗಳಾಗಿ ಬಂದವರು ಯಾರು ಗೊತ್ತಾ? ಕಾಮಿಕ್ಸ್ ಚಿತ್ರಕಾರ ಜ್ಯಾಕ್ ಕರ್ಬಿ, ವೈಜ್ಞಾನಿಕ ಕಥೆಗಳ ಲೇಖಕ ರೇ ಬ್ರ್ಯಾಡ್‌ಬರಿ. ಆ 300 ಜನಕ್ಕೆ ಕರ್ಬಿ ಎಷ್ಟು ಹತ್ತಿರ ಸಿಕ್ಕಿರಬೇಕು ಅಂತ ಯೋಚಿಸಿ. ಇವತ್ತು 1,30,000ಕ್ಕೂ ಹೆಚ್ಚು ಜನ ಬರುತ್ತಾರೆ. ಆದರೂ ಆ ಹತ್ತಿರದ ನಂಟು ಕಳೆದುಹೋಗಿಲ್ಲ. ಮೇಲಿನ ಮಹಡಿಯ ಸಣ್ಣ ಕೋಣೆಗಳಲ್ಲಿ ಈಗಲೂ ಅಷ್ಟೇ ಹತ್ತಿರದಿಂದ ಕೇಳಬಹುದು.

ಭಾನುವಾರ ಬೆಳಿಗ್ಗೆ ಕರ್ಬಿ ನೆನಪಿನ ಪ್ಯಾನೆಲ್, ಅಂದರೆ ವೇದಿಕೆಯ ಮೇಲಿನ ಮಾತುಕತೆ, ಇರುತ್ತದೆ. 1970ರ ದಶಕದ ಶುರುವಿನಲ್ಲಿ ಕರ್ಬಿಯವರ ಸಹಾಯಕರಾಗಿದ್ದ ಮಾರ್ಕ್ ಇವನಿಯರ್ ಅದನ್ನು ವರ್ಷಗಳಿಂದ ನಡೆಸಿಕೊಂಡು ಬಂದಿದ್ದಾರೆ. ಶನಿವಾರದ ‘ಕ್ವಿಕ್ ಡ್ರಾ’ ಕೂಡ ಅವರದೇ. ವ್ಯಂಗ್ಯಚಿತ್ರಕಾರರು ವೇದಿಕೆಯ ಮೇಲೆ ಕೂರುತ್ತಾರೆ, ಕೇಳಿದ್ದನ್ನು ಅಲ್ಲೇ ಬರೆಯುತ್ತಾರೆ, ಕೈ ಓಡುವುದು ಪರದೆ ಮೇಲೆ ಕಾಣುತ್ತದೆ. ಸೆರ್ಜಿಯೊ ಅರಗೊನೆಸ್ ಇದರಲ್ಲಿ ಬರೆಯುವುದನ್ನು ನೋಡಿದವರು ಮರೆಯುವುದಿಲ್ಲ. ಯೋಚಿಸುವುದು, ಬರೆಯುವುದು ಎರಡೂ ಒಂದೇ ಕ್ಷಣದಲ್ಲಿ ಆಗುತ್ತದೆ.

ಶುಕ್ರವಾರ ರಾತ್ರಿ ಕಾಮಿಕ್ಸ್ ಚಿತ್ರಕಾರ ವಿಲ್ ಐಸ್ನರ್ ಹೆಸರಿನ ಕಾಮಿಕ್ಸ್ ಪ್ರಶಸ್ತಿ. 1988ರಲ್ಲಿ ಶುರುವಾದದ್ದು. ಐಸ್ನರ್ 2005ರಲ್ಲಿ ತೀರಿಕೊಳ್ಳುವವರೆಗೂ ವೇದಿಕೆಯಲ್ಲಿ ಇರುತ್ತಿದ್ದರು. ಬಣ್ಣ ಹಾಕುವವರಿಗೆ, ಮಾತಿನ ಗುಳ್ಳೆಗಳಲ್ಲಿ ಅಕ್ಷರ ಬರೆಯುವವರಿಗೂ ಪ್ರತ್ಯೇಕ ಪ್ರಶಸ್ತಿ ಇದೆ. ಅದೇ ಸಂಜೆ ಬಿಲ್ ಫಿಂಗರ್ ಹೆಸರಿನ ಪ್ರಶಸ್ತಿಯನ್ನೂ ಕೊಡುತ್ತಾರೆ. ಬ್ಯಾಟ್‌ಮ್ಯಾನ್‌ನನ್ನು ರೂಪಿಸಿದ್ದರಲ್ಲಿ ಫಿಂಗರ್ ಪಾಲು ದೊಡ್ಡದು. ಆದರೆ ಸೃಷ್ಟಿಸಿದವರು ಅಂತ ದಶಕಗಟ್ಟಲೆ ಚಿತ್ರಕಾರ ಬಾಬ್ ಕೇನ್ ಹೆಸರು ಮಾತ್ರ ಅಚ್ಚಾಯಿತು. ಫಿಂಗರ್ ಸತ್ತದ್ದು 1974ರಲ್ಲಿ, ಕೇನ್ ಜೊತೆ ಅವರ ಹೆಸರೂ ಸೇರಿದ್ದು 2015ರಲ್ಲಿ. ತಕ್ಕ ಮನ್ನಣೆ ಸಿಗದ ಬರಹಗಾರರಿಗೆ ಈ ಪ್ರಶಸ್ತಿ. ಬ್ಯಾಟ್‌ಮ್ಯಾನ್ ಚಿತ್ರಕಾರರಲ್ಲೊಬ್ಬರಾದ ಜೆರ್ರಿ ರಾಬಿನ್‌ಸನ್ ಒತ್ತಾಯದಿಂದ 2005ರಲ್ಲಿ ಶುರುವಾಯಿತು. ಆ ಹೊತ್ತಿಗೆ ಸಭೆಯಲ್ಲಿ ಬೀಳುವ ಚಪ್ಪಾಳೆ ಕೇಳಬೇಕು ನೀವು. ಕಾಮಿಕ್ಸ್ ಎಲ್ಲಿದೆ ಅಂತ ಕೇಳುವವರನ್ನು ನಾನು ಮೊದಲು ಕರೆದುಕೊಂಡು ಹೋಗುವುದು ಅಲ್ಲಿಗೇ.

ಮುಂದಿನಸಾಲು

ಚೆನ್ನಾಗಿ ಬರೆದಿದ್ದೀರಿ. ಆದರೆ ಹಾಲ್ ಎಚ್ ಬಗ್ಗೆ ಅನ್ಯಾಯ ಮಾಡಿದಿರಿ ಅನ್ನಿಸಿತು.

ನಾನು ಹೋಗುವುದೇ ಹಾಲ್ ಎಚ್‌ಗೆ. 2024ರ ಜುಲೈ 27ರ ಸಂಜೆ ಒಳಗೆ ಇದ್ದೆ. ವೇದಿಕೆ ತುಂಬಾ ಹಸಿರು ಮುಸುಕಿನವರು ನಿಂತಿದ್ದರು. ನಡುವೆ ಇದ್ದವರು ಮುಖವಾಡ ತೆಗೆದರೆ ನಟ ರಾಬರ್ಟ್ ಡೌನಿ ಜೂನಿಯರ್! ಮಾರ್ವೆಲ್ ಸಿನಿಮಾದಲ್ಲಿ ಖಳನಾಯಕ ಡಾಕ್ಟರ್ ಡೂಮ್ ಪಾತ್ರ ಅವರದು ಅಂತ ಆಗ ಗೊತ್ತಾಯಿತು. ಆ ಕೂಗು ಇನ್ನೂ ಕಿವಿಯಲ್ಲಿದೆ. ಮನೆಯಲ್ಲಿ ಫೋನಿನಲ್ಲಿ ನೋಡಿದರೆ ಅದು ಒಂದು ಸುದ್ದಿ. ಅಲ್ಲಿ ಕೂತರೆ ತೇರು ಎಳೆಯುವಾಗ ಹಗ್ಗಕ್ಕೆ ಕೈ ಹಾಕಿದ ಹಾಗೆ. ಎಲ್ಲರ ಬಲವೂ ನಮ್ಮ ಮೈಗೆ ಬರುತ್ತದೆ.

ಸಾಲಿನ ಬಗ್ಗೆಯೂ ಜನ ಬರೀ ಗೋಳು ಹೇಳುತ್ತಾರೆ. ನನಗೆ ಸಾಲು ಇಷ್ಟ. ಹಿಂದಿನ ದಿನವೇ ಬಣ್ಣ ಬಣ್ಣದ ರಿಸ್ಟ್‌ಬ್ಯಾಂಡ್ ಹಂಚುತ್ತಾರೆ. ಅದು ಕೈಗೆ ಬಂದರೆ ಗುಂಪಿನಲ್ಲಿ ಕೆಲವರು ಹೋಗಿ ಮಲಗಬಹುದು, ಬೆಳಿಗ್ಗೆ ಹೇಳಿದ ಹೊತ್ತಿಗೆ ವಾಪಸ್ ಬಂದರೆ ಸಾಕು. ಒಂದು ಪ್ಯಾನೆಲ್ ಮುಗಿದ ಮೇಲೆ ಒಳಗಿದ್ದವರನ್ನು ಎಬ್ಬಿಸಿ ಕಳಿಸುವುದಿಲ್ಲ. ಅದಕ್ಕೇ ಬೇಗ ಹೋಗಿ ಕೂತವರು ಸಂಜೆಯವರೆಗೂ ಕೂರುತ್ತಾರೆ. ನನ್ನ ಪಕ್ಕದಲ್ಲಿ ಹುಲ್ಲಿನ ಮೇಲೆ ಮಲಗಿದ್ದವರೊಬ್ಬರು ಈಗ ನನಗೆ ಆಪ್ತರು. ಅವರ ಮಗಳ ಮದುವೆಗೆ ಹೋಗಿ ಬಂದೆ. ಇದು ಕಾಮಿಕ್-ಕಾನ್ ಅಲ್ವಾ?

ಮಸಿಕುಡಿಕೆ

ಖಂಡಿತ ಹೌದು. ಆ ಸ್ನೇಹ ನನಗೂ ಸಿಕ್ಕಿದೆ. ನನ್ನ ತಕರಾರು ಇಷ್ಟೇ: ಡೂಮ್‌ನನ್ನು ಕಾಗದದ ಮೇಲೆ ಹುಟ್ಟಿಸಿದವರು ಬರಹಗಾರ ಸ್ಟ್ಯಾನ್ ಲೀ ಮತ್ತು ಕರ್ಬಿ, 1962ರಲ್ಲಿ. ಮರುದಿನ ಬೆಳಿಗ್ಗೆಯೇ ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಕರ್ಬಿ ಪ್ಯಾನೆಲ್. ಹಾಲ್ ಎಚ್‌ನಲ್ಲಿ ಕೂಗಿದವರಲ್ಲಿ ನೂರಕ್ಕೆ ಒಬ್ಬರು ಬಂದಿದ್ದರೂ ಆ ಕೋಣೆ ಸಂತೋಷದಿಂದ ತುಂಬಿಹೋಗುತ್ತಿತ್ತು.

2023 ನೆನಪಿದೆಯಾ? ಜುಲೈ 14ರಿಂದ ನಟರ ಮುಷ್ಕರ. ಕಾನ್ ಶುರುವಾದದ್ದು 20ಕ್ಕೆ. ಬರಹಗಾರರ ಮುಷ್ಕರ ಮೊದಲೇ ನಡೆಯುತ್ತಿತ್ತು. ನಟರು ಬರಲಿಲ್ಲ, ದೊಡ್ಡ ಸ್ಟುಡಿಯೊಗಳು ಹಿಂದೆ ಸರಿದವು. ಆ ವರ್ಷ ಕಾನ್ ಸಪ್ಪೆ ಅಂತ ಎಲ್ಲಾ ಕಡೆ ಬರೆದರು. ನನ್ನ ಮಟ್ಟಿಗೆ ಅದು ಚಿತ್ರಕಾರರ ವರ್ಷ. ಹಾಲ್ ಎಚ್‌ಗೆ ಹೋಗಬೇಕಿದ್ದವರು ಆಲಿಗೆ ಬಂದರು. ಪುಟ ಹೇಗೆ ಬರೆಯುತ್ತೀರಿ ಅಂತ ಮೊದಲ ಸಲ ಕೇಳಿದ ಎಷ್ಟೋ ಹುಡುಗರನ್ನು ಅಲ್ಲಿ ನೋಡಿದೆ.

ರಟ್ಟಿನಪೆಟ್ಟಿಗೆ

ನನ್ನ ಕಾಮಿಕ್-ಕಾನ್ ಮೂರನೆಯದು. ಹಾಲ್ ಎಚ್ ಅಲ್ಲ, ಆಲಿಯೂ ಅಲ್ಲ. ಹಳೇ ಸಂಚಿಕೆ ಮಾರುವವರ ಉದ್ದನೆಯ ರಟ್ಟಿನ ಪೆಟ್ಟಿಗೆಗಳ ಮುಂದೆ ಬಗ್ಗಿ ನಿಲ್ಲುವುದು.

ಬೇರೆಲ್ಲೂ ಒಂದೇ ಸೂರಿನಡಿ ಇಷ್ಟು ಹಳೇ ಕಾಗದ ಸಿಗುವುದು ಕಷ್ಟ. ಆದರೆ ನೋಡಿ ಕೊಳ್ಳಬೇಕು. ಪ್ಲಾಸ್ಟಿಕ್ ಚೀಲದಿಂದ ಹೊರಗೆ ತೆಗೆದು ತೋರಿಸಲು ಮಾರುವವರಿಗೇ ಹೇಳಿ, ನೀವೇ ಎಳೆಯಬೇಡಿ. ಪಿನ್ನಿನ ಸುತ್ತ ತುಕ್ಕು ಇದೆಯಾ, ನಡುವಿನ ಹಾಳೆ ಬಿಟ್ಟುಬಂದಿದೆಯಾ, ಕೂಪನ್ ಕತ್ತರಿಸಿದ್ದಾರಾ ನೋಡಿ. 1974ರ ಆಸುಪಾಸಿನ ಮಾರ್ವೆಲ್ ಸಂಚಿಕೆಗಳಲ್ಲಿ ಕತ್ತರಿಸಿ ಅಂಟಿಸುವ ಸ್ಟ್ಯಾಂಪ್ ಇರುತ್ತಿತ್ತು. ವೂಲ್ವರಿನ್ ಅನ್ನುವ ಹೀರೋ ಪೂರ್ತಿಯಾಗಿ ಕಾಣಿಸಿಕೊಂಡ ಮೊದಲ ಸಂಚಿಕೆ, ಅಂದರೆ ‘ಹಲ್ಕ್’ 181ರಲ್ಲೂ ಇತ್ತು. ಆಗಿನ ಮಕ್ಕಳು ಕತ್ತರಿಸಿಕೊಂಡರು, ಅದಕ್ಕೇ ಕೊಟ್ಟದ್ದು ಅಲ್ವಾ. ಹೊರಗಿನಿಂದ ನೋಡಿದರೆ ಪ್ರತಿ ಚೆನ್ನಾಗಿಯೇ ಕಾಣುತ್ತದೆ. ಒಳಗೆ ಸ್ಟ್ಯಾಂಪ್ ಇಲ್ಲದಿದ್ದರೆ ಬೆಲೆ ತುಂಬಾ ಬೀಳುತ್ತದೆ.

ಸಹಿ ಇರುವ ಪ್ರತಿಗಳ ವಿಷಯದಲ್ಲಿ ಇನ್ನೂ ಹುಷಾರು. ಒಬ್ಬ ವ್ಯಾಪಾರಿ ನನಗೆ ಸಹಿ ಇರುವ ಪ್ರತಿ ಮಾರಿದರು. ಆಮೇಲೆ ಅದೇ ಚಿತ್ರಕಾರರು ಆಲಿಯಲ್ಲಿ ಸಿಕ್ಕಾಗ ತೋರಿಸಿದೆ. ಅವರು ಒಮ್ಮೆ ನೋಡಿ, ಇದು ನನ್ನ ಕೈಬರಹ ಅಲ್ಲ ಅಂದರು. ಆ ಮನುಷ್ಯನ ಮುಖದಲ್ಲಿ ಬೇಸರ ಕಂಡಿತು. ಪಕ್ಕದಲ್ಲೇ ಹೊಸದಾಗಿ ಸಹಿ ಹಾಕಿ, ತಾರೀಖೂ ಬರೆದುಕೊಟ್ಟರು. ಅವರ ಒಳ್ಳೆಯತನ ದೊಡ್ಡದು. ಆದರೆ ಹಾಗೆ ಮಾರುವವರ ಮೇಲೆ ನನಗೆ ಸಿಟ್ಟು ಇದ್ದೇ ಇದೆ. ಬದುಕಿರುವ ಚಿತ್ರಕಾರರ ಸಹಿ ಬೇಕಿದ್ದರೆ ಅವರ ಕೈಯಿಂದಲೇ ಹಾಕಿಸಿಕೊಳ್ಳಿ.

ಹೊಸಬಳು

ನಮಸ್ಕಾರ ಎಲ್ಲರಿಗೂ. ಒಮ್ಮೆಯೂ ಹೋಗಿಲ್ಲ, ಮುಂದಿನ ವರ್ಷ ಹೋಗಲೇಬೇಕು ಅಂತಿದೆ. ಟಿಕೆಟ್ ಬಾಗಿಲಲ್ಲಿ ಸಿಗುತ್ತದಾ? ಮಗನಿಗೆ ಒಂಬತ್ತು ವರ್ಷ, ದಿನವಿಡೀ ಚಿತ್ರ ಬರೆಯುತ್ತಾನೆ. ಅಮ್ಮನೂ ಬರುತ್ತೇನೆ ಅನ್ನುತ್ತಿದ್ದಾರೆ. ಆದರೆ ಅವರಿಗೆ ಮೊಣಕಾಲು ನೋವು, ಜಾಸ್ತಿ ಹೊತ್ತು ನಿಲ್ಲಲು ಆಗುವುದಿಲ್ಲ.

ಪೆನ್ಸಿಲ್‌ಮೊನೆ

ಮೇಡಂ, ಬಾಗಿಲಲ್ಲಿ ಸಿಗುವುದಿಲ್ಲ. ಅಲ್ಲಿ ಟಿಕೆಟ್ ಅನ್ನುವುದಿಲ್ಲ, ಬ್ಯಾಡ್ಜ್ ಅನ್ನುತ್ತಾರೆ. ಮೊದಲು ಅವರ ಜಾಲತಾಣದಲ್ಲಿ ಸದಸ್ಯತ್ವದ ಐಡಿ ಮಾಡಿಕೊಳ್ಳಿ. ಅದಕ್ಕೆ ದುಡ್ಡಿಲ್ಲ. ಈಗಲೇ ಮಾಡಿ, ಮಾರಾಟ ಹತ್ತಿರ ಬಂದಾಗ ಹೊಸ ಐಡಿ ಮಾಡಲು ಬಿಡುವುದಿಲ್ಲ. ಹಿಂದಿನ ವರ್ಷ ಹೋದವರಿಗೆ ಒಂದು ಮಾರಾಟ, ಆಮೇಲೆ ಎಲ್ಲರಿಗೂ ಇನ್ನೊಂದು. ಆ ದಿನ ಎಲ್ಲರೂ ಆನ್‌ಲೈನ್ ಕಾಯುವ ಕೋಣೆಗೆ ಹೋಗಬೇಕು. ಅಲ್ಲಿಂದ ಚೀಟಿ ಎತ್ತಿದ ಹಾಗೆ ಯಾರನ್ನು ಬೇಕಾದರೂ ಒಳಗೆ ಬಿಡುತ್ತಾರೆ. ಮೊದಲು ಬಂದವರಿಗೆ ಮೊದಲು ಅಂತೇನಿಲ್ಲ. ಒಳಗೆ ಹೋದವರು ತಮ್ಮ ಜೊತೆ ಇನ್ನಿಬ್ಬರಿಗೆ ಕೊಳ್ಳಬಹುದು. ಅಮ್ಮನ ಹೆಸರಿನಲ್ಲೂ ಐಡಿ ಮಾಡಿಸಿ. ಇಬ್ಬರಲ್ಲಿ ಒಬ್ಬರು ಒಳಗೆ ಹೋದರೂ ಇಬ್ಬರಿಗೂ ಆಗುತ್ತದೆ. ಬ್ಯಾಡ್ಜನ್ನು ಇನ್ನೊಬ್ಬರಿಗೆ ಮಾರುವ ಹಾಗಿಲ್ಲ. ಒಳಗೆ ಹೋಗುವಾಗ, ಹೊರಗೆ ಬರುವಾಗ ಎರಡು ಸಲವೂ ಯಂತ್ರಕ್ಕೆ ತಾಗಿಸಬೇಕು. ಹೊರಗಿನವರ ಹತ್ತಿರ ಕೊಳ್ಳುವ ಆಸೆಗೆ ಬೀಳಬೇಡಿ.

ಮಗ ನಿಮ್ಮ ಜೊತೆ ಹಾಗೇ ಬರಬಹುದು. 12 ವರ್ಷದವರೆಗೆ ದೊಡ್ಡವರ ಜೊತೆ ಉಚಿತ. ಅಮ್ಮನಿಗೂ ದಾರಿ ಇದೆ. ಕಿವಿ ಕೇಳಿಸದವರಿಗೆ, ಅಂಗವಿಕಲರಿಗೆ, ಹೆಚ್ಚು ಹೊತ್ತು ನಿಲ್ಲಲಾಗದವರಿಗೆ ಅಂತಲೇ ಒಂದು ವಿಭಾಗ ಇದೆ. ಕಟ್ಟಡದೊಳಗೆ ಹೋದ ತಕ್ಷಣ ಅಲ್ಲಿಗೆ ಹೋಗಿ ಮಾತಾಡಿ. ಕೂತು ದಣಿವಾರಿಸಿಕೊಳ್ಳುವ ಜಾಗವೂ ಇದೆ. ನನ್ನ ಅತ್ತೆಯನ್ನು ಕರೆದುಕೊಂಡು ಹೋದಾಗ ಅಲ್ಲಿನ ಸ್ವಯಂಸೇವಕರು ತಮ್ಮ ಮನೆಯವರನ್ನು ನೋಡಿಕೊಂಡ ಹಾಗೆ ನೋಡಿಕೊಂಡರು.

ಮಗ ಚಿತ್ರ ಬರೆಯುತ್ತಾನೆ ಅಂದಿರಿ, ಅದಕ್ಕೇ ನನ್ನದೂ ಹೇಳುತ್ತೇನೆ. ನಾನು ಹೋಗುವುದು ಪೋರ್ಟ್‌ಫೋಲಿಯೊ ರಿವ್ಯೂಗೆ. ಪ್ರಕಾಶನದವರು, ಅನಿಮೇಷನ್‌ನವರು, ಗೇಮ್ ಮಾಡುವವರು ಮೇಜು ಹಾಕಿ ಕೂತಿರುತ್ತಾರೆ. ನಮ್ಮ ಕೆಲಸ ತೋರಿಸಬಹುದು. ನನ್ನ ಪುಟಗಳನ್ನು ನೋಡಿದ ಸಂಪಾದಕರೊಬ್ಬರು ಮಾತಿನ ಗುಳ್ಳೆಗಳ ಮೇಲೆ ಅಂಗೈ ಇಟ್ಟು ಮುಚ್ಚಿದರು. ‘ಈಗ ಕಥೆ ಗೊತ್ತಾಗುತ್ತದಾ?’ ಅಂತ ನನ್ನನ್ನೇ ಕೇಳಿದರು. ಒಂದು ಪುಟದಲ್ಲಿ ಗೊತ್ತಾಗುತ್ತಿತ್ತು, ಇನ್ನೊಂದರಲ್ಲಿ ಇಲ್ಲ. ಬಾಗಿಲು ಎಲ್ಲಿದೆ, ಯಾರು ಯಾವ ಕಡೆ ಕೂತಿದ್ದಾರೆ, ಇದು ಒಂದು ಚೌಕದಿಂದ ಇನ್ನೊಂದಕ್ಕೆ ಬದಲಾಗಿಬಿಟ್ಟಿತ್ತು. ಹೀರೋ ಎದೆ ಉಬ್ಬಿಸಿ ನಿಂತ ಒಂಟಿ ಚಿತ್ರಗಳನ್ನು ಅವರು ಬೇಗ ಬೇಗ ತಿರುವಿದರು. ಅಡುಗೆಮನೆಯಲ್ಲಿ ಇಬ್ಬರು ಮಾತಾಡುವ ಪುಟದ ಮೇಲೆ ಜಾಸ್ತಿ ಹೊತ್ತು ನಿಂತರು. ಕೈ, ಕುರ್ಚಿ, ಕಾರು, ಬೀದಿ ಬರೆಯಲು ಬರುತ್ತದಾ ಅನ್ನುವುದೇ ಅವರಿಗೆ ಮುಖ್ಯ. ಕೆಲಸ ಇನ್ನೂ ಸಿಕ್ಕಿಲ್ಲ. ಆದರೆ ಆ ಅಂಗೈ ನನಗೆ ಒಂದು ವರ್ಷದ ಪಾಠ ಕೊಟ್ಟಿತು. ಈಗ ಪ್ರತಿ ಪುಟವನ್ನೂ ಮಾತು ಮುಚ್ಚಿ ನೋಡುತ್ತೇನೆ.

ಸೂಜಿದಾರ

ಕಾಸ್‌ಪ್ಲೇ, ಅಂದರೆ ಪಾತ್ರಗಳ ವೇಷ ಹಾಕುವುದರ ಬಗ್ಗೆ ಯಾರೂ ಬರೆದಿಲ್ಲ! ಶನಿವಾರ ರಾತ್ರಿಯ ಮಾಸ್ಕರೇಡ್ ಅನ್ನುವ ವೇಷದ ಸ್ಪರ್ಧೆ 1974ರಿಂದ ನಡೆಯುತ್ತಿದೆ. ಅಂಗಡಿಯಲ್ಲಿ ಕೊಂಡ ಅಥವಾ ಬಾಡಿಗೆಗೆ ತಂದ ಉಡುಪು ಹಾಕಿ ಸ್ಪರ್ಧೆಗೆ ಇಳಿಯುವ ಹಾಗಿಲ್ಲ. ಕೈಯಿಂದ ಮಾಡಿದ್ದೇ ಆಗಬೇಕು.

ನನ್ನ ಎದೆಗವಚ ಫೋಮ್ ಹಾಳೆಯದು. ಹೀಟ್ ಗನ್‌ನಲ್ಲಿ ಬಿಸಿ ಮಾಡಿ ಬಗ್ಗಿಸಿ, ಅಂಟು ಹಾಕಿ, ಮೇಲೆ ಬಣ್ಣ. ಮೆಟ್ಟಿಲ ಹತ್ತಿರ ಒಂದು ಪುಟ್ಟ ಹುಡುಗಿ ಬಂದು ಮುಟ್ಟಬಹುದಾ ಅಂತ ಕೇಳಿದಳು. ಮುಟ್ಟಿ ನೋಡಿ, ಇದು ಕಬ್ಬಿಣ ಅಲ್ಲವಾ ಅಂತ ಕಣ್ಣರಳಿಸಿದಳು. ಅಲ್ಲೇ ಕೂತು ಹೇಗೆ ಮಾಡಿದ್ದು ಅಂತ ಪೂರ್ತಿ ಹೇಳಿಕೊಟ್ಟೆ. ಅವಳಮ್ಮ ಫೋಮಿನ ದಪ್ಪ ಎಷ್ಟು, ಅಂಟು ಯಾವುದು ಎಲ್ಲಾ ಬರೆದುಕೊಂಡರು.

ಹೋಗುವವರಿಗೆ ಎರಡು ಮಾತು. ಕತ್ತಿ, ಗನ್ ಏನೇ ಇದ್ದರೂ ಅದು ಆಟದ ವಸ್ತುವೇ ಆಗಿರಬೇಕು. ಒಳಗೆ ಹೋಗುವಾಗ ಪರೀಕ್ಷೆ ಮಾಡಿಸಿ ಗುರುತು ಕಟ್ಟಿಸಿಕೊಳ್ಳಬೇಕು. ಇನ್ನೊಂದು, ಫೋಟೋ ತೆಗೆಯುವ ಮೊದಲು ಕೇಳಿ. ಕೇಳಿದರೆ ನಾವು ಸಂತೋಷವಾಗಿ ನಿಲ್ಲುತ್ತೇವೆ. ಊಟ ಮಾಡುವಾಗ, ಕಾಲು ಚಾಚಿ ಕೂತಾಗ ದಯವಿಟ್ಟು ಬಿಟ್ಟುಬಿಡಿ. ಯಾರ ಉಡುಪು ಹೇಗೇ ಇರಲಿ, ಮೈಮೇಲೆ ಕೈ ಹಾಕುವುದು ತಪ್ಪು.

ಇನ್ನೊಂದು ವಿಷಯ ಹೇಳಲೇಬೇಕು. ಕಾನ್ ನಡೆಯುವಾಗ ರಕ್ತದಾನ ಶಿಬಿರ ಇರುತ್ತದೆ. ವೈಜ್ಞಾನಿಕ ಕಥೆಗಳ ಲೇಖಕ ರಾಬರ್ಟ್ ಹೈನ್‌ಲೈನ್ ಅವರ ಹೆಸರಿನಲ್ಲಿ, 1977ರಿಂದ. ಸೂಪರ್‌ಹೀರೋ ಉಡುಪಿನಲ್ಲೇ ಬಂದು ತೋಳು ಚಾಚಿ ಮಲಗಿದವರನ್ನು ನೋಡಿದರೆ ಮನಸ್ಸು ತುಂಬಿ ಬರುತ್ತದೆ.

ಮುಂದಿನಸಾಲು

2023ರಲ್ಲಿ ನಾನೂ ಇದ್ದೆ. ನನಗೆ ಖಾಲಿ ಖಾಲಿ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ನಟರ ಹೋರಾಟ ಸರಿಯಾದದ್ದೇ, ಅದು ಬೇರೆ ಮಾತು. ನನ್ನಂಥವರಿಗೆ ಕಾಮಿಕ್ಸ್‌ನ ಬಾಗಿಲು ತೆರೆದದ್ದು ಸಿನಿಮಾ. ಥಿಯೇಟರಿನಲ್ಲಿ ನೋಡಿದ ಮೇಲೆಯೇ ಪುಸ್ತಕ ಹುಡುಕಿದ್ದು. ಆ ಬಾಗಿಲನ್ನು ಕೀಳಾಗಿ ನೋಡಬೇಡಿ ಅಂತ ಕೇಳಿಕೊಳ್ಳುತ್ತೇನೆ. ಕರ್ಬಿ ಪ್ಯಾನೆಲ್‌ಗೆ ಮುಂದಿನ ಸಲ ಬರುತ್ತೇನೆ. ಆದರೆ ಶನಿವಾರ ನನ್ನನ್ನು ಹಾಲ್ ಎಚ್‌ನಿಂದ ಎಬ್ಬಿಸಲು ಆಗುವುದಿಲ್ಲ.

ಹೊಸಬಳು

ಪೆನ್ಸಿಲ್‌ಮೊನೆ ಅವರೇ, ತುಂಬಾ ಉಪಕಾರ ಆಯಿತು. ಇವತ್ತೇ ಐಡಿ ಮಾಡುತ್ತೇನೆ, ಅಮ್ಮನದೂ. ನಾಲ್ಕೂ ದಿನದ್ದು ಸಿಗುವುದು ಕಷ್ಟ ಅನ್ನುತ್ತಾರೆ. ಬರೀ ಭಾನುವಾರದ ಬ್ಯಾಡ್ಜ್ ಸಿಕ್ಕರೂ ಹೋಗಬಹುದಾ?

ಮಸಿಕುಡಿಕೆ

ಮುಂದಿನಸಾಲು ಅವರೇ, ಬನ್ನಿ. ಜಾಗ ಹಿಡಿದಿರುತ್ತೇನೆ. ಸಿನಿಮಾ ಬಾಗಿಲಿನಿಂದ ಬಂದವರು ಪುಟದ ಮುಂದೆ ಕೂತರೆ ನನಗೆ ಅದಕ್ಕಿಂತ ಖುಷಿ ಇಲ್ಲ.

ಹೊಸಬಳು ಮೇಡಂ, ಭಾನುವಾರ ಸಿಕ್ಕರೆ ಕಣ್ಣು ಮುಚ್ಚಿ ಕೊಳ್ಳಿ. ಆ ದಿನ ಮಕ್ಕಳ ಕಾರ್ಯಕ್ರಮ ಜಾಸ್ತಿ. ಟ್ರಾಲಿ ಅನ್ನುವ ನಗರದ ರೈಲಿನಲ್ಲಿ ಬನ್ನಿ, ಕನ್ವೆನ್ಷನ್ ಸೆಂಟರ್ ಎದುರಿಗೇ ನಿಲ್ಲುತ್ತದೆ. ಅಲ್ಲಿ ರೈಲು ಹಳಿ ದಾಟಬೇಕು. ಗೂಡ್ಸ್ ರೈಲು ಬಂದರೆ ಅಷ್ಟೂ ಜನ ನಿಂತುಬಿಡುತ್ತಾರೆ, ಅದಕ್ಕೆ ಸ್ವಲ್ಪ ಮುಂಚೆಯೇ ಹೊರಡಿ. ಭಾನುವಾರ ಸಂಜೆ 5ಕ್ಕೇ ಮಳಿಗೆಗಳ ಅಂಗಳ ಮುಚ್ಚುತ್ತದೆ. ಅಮ್ಮನಿಗೆ ಸುಸ್ತಾಗುವ ಮೊದಲು, ಬಾಗಿಲು ತೆರೆದ ಕೂಡಲೇ ಆಲಿಗೆ ಹೋಗಿ.

ಚಿತ್ರ ಬರೆಸಿಕೊಳ್ಳುವ ಪಟ್ಟಿ ಬುಧವಾರದ ಮುನ್ನೋಟದ ರಾತ್ರಿ ಅಥವಾ ಗುರುವಾರ ಬೆಳಿಗ್ಗೆಯೇ ತುಂಬಿರುತ್ತದೆ. ಭಾನುವಾರ ಹೊಸದಾಗಿ ಹೆಸರು ಬರೆದುಕೊಳ್ಳುವವರು ಕಡಿಮೆ. ಆದರೆ ಅವತ್ತು ಅವರೆಲ್ಲಾ ಒಪ್ಪಿಕೊಂಡ ಚಿತ್ರಗಳನ್ನು ಮುಗಿಸುತ್ತಾ ಕೂತಿರುತ್ತಾರೆ, ಅಂದರೆ ಕೈಯಲ್ಲಿ ಪೆನ್ನು ಇದ್ದೇ ಇರುತ್ತದೆ. ಮಗ ಹತ್ತಿರ ನಿಂತು ನೋಡಬಹುದು. ಅವನು ಬರೆದ ಪುಟಗಳನ್ನೂ ಜೊತೆಗೆ ತನ್ನಿ. ಸಾಲು ಇಲ್ಲದ ಮೇಜು ನೋಡಿ, ಕೇಳಿ, ತೋರಿಸಿ. ಮಡಚಬೇಡಿ, ಗಟ್ಟಿ ರಟ್ಟಿನ ಫೈಲಿನಲ್ಲಿಟ್ಟು ತನ್ನಿ.